ಎರೆ ಮಣ್ಣಿಗೆ ನಾಲ್ಕು ಹೆಸರು: ಬೆಳಗಾವಿಯ ಕ್ಲಾಸಿನಲ್ಲಿ ನನ್ನ ಅನುಭವ

ಬೆಳಗಾವಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಸಿವಿಲ್ ವಿದ್ಯಾರ್ಥಿಗಳಿಗೆ ಮಣ್ಣಿನ ವಿಷಯ ಕಲಿಸುತ್ತೇನೆ. ಸವದತ್ತಿ, ರಾಮದುರ್ಗದ ಕನ್ನಡ ಮೀಡಿಯಂ ಮಕ್ಕಳು, ಖಾನಾಪುರದ ಮರಾಠಿ ಮಕ್ಕಳು, ಮನೆಯಲ್ಲಿ ಉರ್ದು ಆಡುವವರು, ಎಲ್ಲರೂ ಒಂದೇ ಬೆಂಚಿನಲ್ಲಿ. ಕೆಲವು ವರ್ಷಗಳ ಹಿಂದೆ ತಾಂಜಾನಿಯಾದ ಹುಡುಗನೊಬ್ಬ ಬಂದು ಸೇರಿದ. ಇನ್ನು ಮೇಲೆ ಕ್ಲಾಸಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಬೇಡ ಅಂತ ನಾನೇ ನಿಯಮ ಮಾಡಿದೆ. ಹೊರದೇಶದವರು ಬಂದ ಮೇಲೆ ಹಾಗೇ ಇರಬೇಕು ಅಂದುಕೊಂಡಿದ್ದೆ.

ತಿಂಗಳೊಳಗೆ ಕ್ಲಾಸಿಗೆ ಕ್ಲಾಸೇ ಮೌನವಾಯಿತು. ಎರೆ ಮಣ್ಣು, ಅಂದರೆ ನಮ್ಮ ಕಪ್ಪು ಮಣ್ಣು, ಯಾಕೆ ಉಬ್ಬುತ್ತದೆ ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಆಮೇಲೆ ರಾಮದುರ್ಗದ ಕಡೆಯ ಹುಡುಗಿಯೊಬ್ಬಳು ಲ್ಯಾಬಿಗೆ ಬಂದಳು. "ಸರ್, ಬ್ಯಾಸಿಗ್ಯಾಗ ನಮ್ಮ ಹೊಲದಾಗ ಬಿರಕ ಬಿಡ್ತಾವ್ರಿ. ಕೈ ಹಾಕಿದ್ರ ಮೊಣಕೈ ತನಕ ಇಳಿತೈತಿ. ಮಳಿ ಆದ ಮ್ಯಾಲ ಮಣ್ಣು ಉಬ್ಬಿ ಎಲ್ಲಾ ಮುಚ್ಕೋತೈತಿ. ನಮ್ಮ ಮನಿ ಗ್ವಾಡಿ ಸೀಳಿದ್ದೂ ಅದಕ್ಕ ಅಲ್ರೀ?" ಅಂದಳು. ಇದಕ್ಕಿಂತ ಒಳ್ಳೆಯ ಉತ್ತರ ಇರಲಿಲ್ಲ. ಆ ಮಣ್ಣಿನಲ್ಲಿರುವ ಮಾಂಟ್ಮೊರಿಲ್ಲೋನೈಟ್ ಅನ್ನುವ ಖನಿಜ ತನ್ನ ಪದರಗಳ ನಡುವೆ ನೀರು ಹಿಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಖನಿಜದ ಹೆಸರೊಂದು ಬಿಟ್ಟರೆ ಉಳಿದದ್ದೆಲ್ಲ ಅವಳಿಗೆ ಗೊತ್ತಿತ್ತು. ಬಾಯಿ ಮುಚ್ಚಿಸಿದ್ದು ನನ್ನ ನಿಯಮ.

ಇನ್ನು ತಾಂಜಾನಿಯಾದ ಹುಡುಗ. ಅವರಲ್ಲಿ ಪ್ರೈಮರಿ ಶಾಲೆ ಸ್ವಾಹಿಲಿಯಲ್ಲಿ, ಹೈಸ್ಕೂಲಿನಿಂದ ಇಂಗ್ಲಿಷ್. ಅಂದರೆ ಅವನ ಪಾಡೂ ನಮ್ಮ ಕನ್ನಡ ಮೀಡಿಯಂ ಮಕ್ಕಳದ್ದೇ! ಯಾರ ಸಲುವಾಗಿ ಆ ನಿಯಮ ಮಾಡಿದೆನೋ ಅವನಿಗೂ ಅದರಿಂದ ಉಪಯೋಗ ಆಗಿರಲಿಲ್ಲ.

ನಿಯಮ ಬಿಟ್ಟು ಮೊದಲು ಮಾಡಿದ ಪ್ರಯತ್ನ ಕೈಕೊಟ್ಟಿತು. ಪ್ಲಾಸ್ಟಿಕ್ ಲಿಮಿಟ್‌ಗೆ (ಮಣ್ಣು ಒಡೆಯದೆ ಹೊಸೆಯಲು ಬರುವಷ್ಟು ಕನಿಷ್ಠ ನೀರಿನ ಪ್ರಮಾಣ) 'ನಮ್ಯತಾ ಮಿತಿ' ಅಂತೆಲ್ಲ ಬೋರ್ಡ್ ತುಂಬ ಬರೆದೆ. ಮಕ್ಕಳಿಗೆ ಆ ಕನ್ನಡವೂ ಇಂಗ್ಲಿಷಿನಷ್ಟೇ ದೂರ. ಮರಾಠಿ ಮಕ್ಕಳಂತೂ ಇನ್ನೂ ಹಿಂದೆ ಸರಿದರು.

ವೇಲ್ಸ್‌ನಲ್ಲಿ ಕೆನ್ (Cen) ವಿಲಿಯಮ್ಸ್ ಅನ್ನುವ ಶಿಕ್ಷಣತಜ್ಞ 1990ರ ದಶಕದಲ್ಲಿ ಬೆಳೆಸಿದ ಒಂದು ಕ್ರಮ ಇದೆ. ಒಂದು ಭಾಷೆಯಲ್ಲಿ ಓದು, ಇನ್ನೊಂದರಲ್ಲಿ ಬರೆ. ಅದನ್ನೇ ಲ್ಯಾಬಿಗೆ ತಂದೆ. ಮೊದಲ ಅರ್ಧ ಗಂಟೆ ಯಾವ ಭಾಷೆಯಲ್ಲಾದರೂ ಮಾತಾಡಿ, ಆದರೆ ಗುಂಪಿನಲ್ಲಿ ಒಂದೇ ಭಾಷೆಯವರು ಇರಬಾರದು. ಕೊನೆಗೆ ರಿಪೋರ್ಟ್ ಮಾತ್ರ ಇಂಗ್ಲಿಷಿನಲ್ಲಿ, ಯಾಕೆಂದರೆ ಪರೀಕ್ಷೆ ಬರೆಯುವುದು ಅದರಲ್ಲೇ.

ಪ್ಲಾಸ್ಟಿಕ್ ಲಿಮಿಟ್ ಪರೀಕ್ಷೆಯಲ್ಲಿ ಒದ್ದೆ ಮಣ್ಣನ್ನು ಗಾಜಿನ ಮೇಲೆ ಅಂಗೈಯಿಂದ ಹೊಸೆದು ದಾರ ಮಾಡಬೇಕು. ದಾರ 3 ಮಿಲಿಮೀಟರ್ ದಪ್ಪಕ್ಕೆ ಬಂದಾಗ ಪುಡಿಯಾಗಿ ಒಡೆದರೆ, ಆಗ ಮಣ್ಣಿನಲ್ಲಿರುವ ನೀರಿನ ಪ್ರಮಾಣವೇ ಆ ಲಿಮಿಟ್. ಮಣ್ಣು ಹೊಸೆಯುತ್ತಿದ್ದ ಅದೇ ಹುಡುಗಿ "ಹದ ತಪ್ಪಿತು" ಅಂದಳು. ರೊಟ್ಟಿ ಹಿಟ್ಟಿಗೂ ಹದ, ಬಿತ್ತುವ ಹೊಲಕ್ಕೂ ಹದ. ಆ ಒಂದು ಮಾತಿನಿಂದ ಗುಂಪಿಗೆಲ್ಲ ವಿಷಯ ತಿಳಿಯಿತು. ತಾಂಜಾನಿಯಾದ ಹುಡುಗನೂ ಗಾಜು ತನ್ನ ಕಡೆ ಎಳೆದುಕೊಂಡು "ಹದ?" ಅಂತ ಕೇಳಿ ಕೇಳಿ ಹೊಸೆದ.

ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದೆವು. ಎರೆ ಮಣ್ಣು, ಪಕ್ಕದಲ್ಲಿ ಮರಾಠಿಯ ಕಾಳಿ ಮಾತಿ, ಅದರ ಪಕ್ಕ ತಾಂಜಾನಿಯಾದ ಹುಡುಗ ಬರೆದ ಸ್ವಾಹಿಲಿಯ 'ಮ್ಬುಗಾ', ಕೊನೆಗೆ ಮಣ್ಣು ವಿಜ್ಞಾನದ ವರ್ಟಿಸಾಲ್. ಅವರ ದೇಶದಲ್ಲೂ ಇಂಥದ್ದೇ ಕಪ್ಪು ಮಣ್ಣು, ಇಂಥದ್ದೇ ಬಿರುಕು. ಅವತ್ತು ಅವನು ಮೊದಲ ಸಲ ಹತ್ತು ನಿಮಿಷ ನಿಂತು ಮಾತಾಡಿದ, ಇಂಗ್ಲಿಷಿನಲ್ಲೇ.

ಉರ್ದು ಮಾತಿನ ಮಕ್ಕಳಿಗೆ ಈ ಹಾಳೆಯಲ್ಲಿ ಇನ್ನೂ ಜಾಗ ಸರಿಯಾಗಿ ಸಿಕ್ಕಿಲ್ಲ. ಅದು ನನ್ನ ಬಾಕಿ ಕೆಲಸ. ರಿಪೋರ್ಟ್ ತಿದ್ದುವುದಕ್ಕೆ ಟೈಮ್ ಕೂಡ ಮೊದಲಿಗಿಂತ ಜಾಸ್ತಿ ಹಿಡಿಯುತ್ತದೆ.

ಹೋದ ಸೆಮಿಸ್ಟರ್‌ನಲ್ಲಿ ಖಾನಾಪುರದ ಹುಡುಗನೊಬ್ಬ ಆ ಹಾಳೆಯಲ್ಲಿ ಜಾಂಭಾ ಅಂತ ಬರೆದ, ಅದು ಮನೆ ಕಟ್ಟುವ ಕೆಂಪು ಕಲ್ಲಿನ ಮರಾಠಿ ಹೆಸರು. ಪಕ್ಕದವಳು ಕನ್ನಡದ ಹೆಸರು ಜಂಬಿಟ್ಟಿಗೆ ಅಂತ ಸೇರಿಸಿದಳು. ಅದಕ್ಕೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಅನ್ನುವ ಹೆಸರು ಬಂದದ್ದೂ ಇಟ್ಟಿಗೆಯಿಂದಲೇ ಅಂತ ಹೇಳಿದೆ. ಮಲಬಾರಿನಲ್ಲಿ ಜನ ಅದನ್ನು ಇಟ್ಟಿಗೆಯ ಹಾಗೆ ಕತ್ತರಿಸುವುದನ್ನು ನೋಡಿ ಫ್ರಾನ್ಸಿಸ್ ಬುಕಾನನ್ ಅನ್ನುವ ಸ್ಕಾಟಿಷ್ ವೈದ್ಯ 1807ರ ತನ್ನ ಪುಸ್ತಕದಲ್ಲಿ ಇಟ್ಟ ಹೆಸರು ಅದು. ಲ್ಯಾಟಿನ್‌ನಲ್ಲಿ 'ಲೇಟರ್' ಅಂದರೆ ಇಟ್ಟಿಗೆ. ಆ ಹುಡುಗಿ ತಿರುಗಿ ಹಾಳೆ ನೋಡಿ, ಜಂಬಿಟ್ಟಿಗೆಯ 'ಇಟ್ಟಿಗೆ'ಗೆ ಅಡಿಗೆರೆ ಎಳೆದಳು.