84ರಲ್ಲೇ ಕೂತಿದ್ದ ಒಂಬತ್ತು ವಾರ

ಆರು ತಿಂಗಳಲ್ಲಿ 96 ಕೆಜಿಯಿಂದ 84ಕ್ಕೆ ಇಳಿದಿದ್ದೆ. ಆಮೇಲೆ ಒಂಬತ್ತು ವಾರ ತೂಕ ಅಲ್ಲಾಡಲಿಲ್ಲ. ಒಂದು ದಿನ 83.7, ಮರುದಿನ 84.6, ಮತ್ತೆ 84. ಈಗ 77ರಲ್ಲಿದ್ದೇನೆ. ನಡುವೆ ನಾನು ಮಾಡಿದ್ದನ್ನು ನೋಡಿ ನಕ್ಕವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕ್ಯಾಲೊರಿ, ಪ್ರೋಟೀನ್ ಲೆಕ್ಕ ನಿಮಗೂ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ಅಂಕಿಗಳೆಲ್ಲ ನೆನಪಿನಿಂದ, ಚೂರು ಆಚೀಚೆ ಇರಬಹುದು.

ಮೊದಲು ನನ್ನ ದಡ್ಡತನ. ತೂಕ ನಿಂತಿತು ಅಂದ ತಕ್ಷಣ ನಾನು ದಿನಕ್ಕೆ 1,700 ಇದ್ದ ಕ್ಯಾಲೊರಿಯನ್ನು 1,200ಕ್ಕೆ ಇಳಿಸಿದೆ. ಮೂರು ವಾರ ಹಲ್ಲು ಕಚ್ಚಿ ಹಿಡಿದೆ. ಏನೂ ಆಗಲಿಲ್ಲ. ಯಾಕೆ ಅಂತ ಆಮೇಲೆ ಗೊತ್ತಾಯಿತು. 9,000 ಇದ್ದ ಹೆಜ್ಜೆ ನನಗೇ ತಿಳಿಯದೆ 6,000ಕ್ಕೆ ಬಂದಿತ್ತು. ಮೆಟ್ಟಿಲು ಹತ್ತುವವನು ಲಿಫ್ಟ್ ಕಾಯುತ್ತಿದ್ದೆ. ನಿಂತು ಮಾಡುವ ಕೆಲಸವನ್ನೂ ಕೂತು ಮಾಡುತ್ತಿದ್ದೆ. ಮೇಲಿಂದ ರಾತ್ರಿ ಹನ್ನೊಂದಕ್ಕೆ ಅಡುಗೆಮನೆಗೆ ನುಗ್ಗುತ್ತಿದ್ದೆ. ಅದನ್ನು ಡೈರಿಯಲ್ಲಿ ಬರೆಯುತ್ತಿರಲಿಲ್ಲ, ಅದು ಬೇರೆ ಮಾತು!

ಆಮೇಲೆ ದುಡ್ಡು. ಕೊಬ್ಬು ಕರಗಿಸುತ್ತದೆ ಅನ್ನುವ ಮಾತ್ರೆ ಎರಡು ಡಬ್ಬಿ ತಂದೆ. ಎದೆ ಡವಡವ ಅಂದಿದ್ದು, ನಿದ್ದೆ ಕೆಟ್ಟಿದ್ದು ಬಿಟ್ಟರೆ ಬೇರೆ ಲಾಭವಿಲ್ಲ. ಇನ್ನೊಬ್ಬ ಟ್ರೈನರ್‌ಗೆ ಮೂರು ತಿಂಗಳ ಫೀಸು ಮುಂಗಡ ಕಟ್ಟಿ, ಹನ್ನೆರಡೇ ದಿನ ಹೋದೆ. ಹಳೇ ತಕ್ಕಡಿಯೇ ಸುಳ್ಳು ಹೇಳುತ್ತಿದೆ ಅಂತ ಹೊಸ ತಕ್ಕಡಿಯನ್ನೂ ಕೊಂಡೆ. ಅದೂ 84 ಅಂದಿತು. ಎಲ್ಲ ಸೇರಿಸಿದರೆ ಹತ್ತಿರ ಹತ್ತಿರ ಅರ್ಧ ತಿಂಗಳ ಸಂಬಳ. ಕೊನೆಗೆ ಕೆಲಸಕ್ಕೆ ಬಂದಿದ್ದು ಒಂದು ಟೈಲರ್ ಟೇಪು, ಒಂದು ನೋಟ್‌ಬುಕ್ಕು. ಎರಡೂ ಮನೆಯಲ್ಲೇ ಬಿದ್ದಿದ್ದವು.

ಎರಡೆರಡು ತಕ್ಕಡಿ ಇದ್ದಾಗ ಸುಮ್ನೆ ಕೂರಲಾಗುತ್ತಾ? ಒಂದು ರಜಾದಿನ ಗಂಟೆಗೊಮ್ಮೆ ಹತ್ತಿ ಇಳಿದೆ. ಬೆಳಗ್ಗೆಗೂ ರಾತ್ರಿಗೂ ಒಂದೂವರೆ ಕೆಜಿ ವ್ಯತ್ಯಾಸ. ಅರ್ಧ ಲೀಟರ್ ನೀರು ಕುಡಿದು ಹತ್ತಿದರೆ ಅರ್ಧ ಕೆಜಿ ಜಾಸ್ತಿ. ಹಾಸಿದ ಚಾಪೆಯ ಮೇಲಿಟ್ಟರೆ ಒಂದು, ಬರೀ ನೆಲದ ಮೇಲಿಟ್ಟರೆ ಇನ್ನೊಂದು. ಇಂಥ ಅಂಕಿಯನ್ನು ನಂಬಿಕೊಂಡು ನಾನು ದಿನಾ ಬೆಳಗ್ಗೆ ಮುಖ ಬಾಡಿಸಿಕೊಳ್ಳುತ್ತಿದ್ದೆನಲ್ಲ ಅನ್ನಿಸಿತು. ಅವತ್ತಿಂದ ದಿನದ ತೂಕ ಬರೆದಿಡುವುದಷ್ಟೇ, ನೋಡುವುದು ಭಾನುವಾರದ ಸರಾಸರಿ ಮಾತ್ರ. ಸೊಂಟದ ಅಳತೆ ಎರಡು ವಾರಕ್ಕೊಮ್ಮೆ. ತೂಕ ನಿಂತಿದ್ದ ಆ ದಿನಗಳಲ್ಲೇ ಸೊಂಟ ಎರಡು ಸೆಂಟಿಮೀಟರ್ ಇಳಿದಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಎರಡು ಸೆಂಟಿಮೀಟರೇ.

ಎಣ್ಣೆಯ ವಿಷಯವನ್ನೂ ಹೇಳಬೇಕು. ನನ್ನ ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಬಾಟಲಿಯನ್ನು ವಾರದ ಮೊದಲ ದಿನ ತೂಗಿದೆ, ಕೊನೆಯ ದಿನ ಮತ್ತೆ ತೂಗಿದೆ. ಡೈರಿಯಲ್ಲಿ ಬರೆದಿದ್ದಕ್ಕಿಂತ 200 ಗ್ರಾಂ ಹೆಚ್ಚು ಖರ್ಚಾಗಿತ್ತು. ಗ್ರಾಂಗೆ 9 ಕ್ಯಾಲೊರಿ, ಅಂದರೆ ವಾರಕ್ಕೆ 1,800 ಲೆಕ್ಕಕ್ಕೇ ಸಿಕ್ಕಿರಲಿಲ್ಲ. ಒಂದು ಚಮಚ ಅಂತ ಬರೆದು ಕಣ್ಣಂದಾಜಿನಲ್ಲಿ ಸುರಿಯುತ್ತಿದ್ದವನು ನಾನೇ ಅಲ್ವಾ, ಯಾರನ್ನು ಬೈಯಲಿ?

ಇನ್ನು ಎಲ್ಲರೂ ನಕ್ಕ ವಿಷಯ. ಎರಡು ವಾರ ಡಯಟ್ ನಿಲ್ಲಿಸಿದೆ. ಸಿಕ್ಕಿದ್ದೆಲ್ಲ ತಿನ್ನಲಿಲ್ಲ, ತೂಕ ಏರದೆ ಇಳಿಯದೆ ನಿಲ್ಲುವಷ್ಟು, ಸುಮಾರು 2,200. "ಜಾಸ್ತಿ ತಿಂದು ತೂಕ ಇಳಿಸ್ತಾನಂತೆ" ಅಂತ ಜಿಮ್ಮಿನ ಗೆಳೆಯ ಊರೆಲ್ಲ ಹೇಳಿಕೊಂಡು ಬಂದ. ಅಕ್ಕ ಮಾತ್ರ ನಗಲಿಲ್ಲ. "ನೆಪ ಹುಡುಕ್ತಿದ್ದೀಯ ಕಣೋ" ಅಂದಳು, ಅದು ಜಾಸ್ತಿ ಚುಚ್ಚಿತು. ನಾಲ್ಕೇ ದಿನದಲ್ಲಿ 1.3 ಕೆಜಿ ಏರಿತು. ನೀರು ಅಂತ ಗೊತ್ತಿತ್ತು. ಮೈಯಲ್ಲಿ ಒಂದು ಗ್ರಾಂ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಳ್ಳುವ ಸಕ್ಕರೆ, ಕೂತರೆ ಅದರ ಜೊತೆ ಮೂರು ಗ್ರಾಂನಷ್ಟು ನೀರೂ ಕೂರುತ್ತದೆ. ಗೊತ್ತಿದ್ದರೂ ಆ ನಾಲ್ಕನೇ ದಿನ ಹೊಟ್ಟೆಯೊಳಗೆ ಕಲಸಿದ ಹಾಗಾಯಿತು. ಆದರೆ ನಿದ್ದೆ ಬಂತು, ಹೆಜ್ಜೆ ತಾನಾಗಿ 10,000 ದಾಟಿತು. ಮತ್ತೆ 1,700ಕ್ಕೆ ಇಳಿದ ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ತಕ್ಕಡಿ 82.4 ತೋರಿಸಿತು. ಇಳಿದು ಮತ್ತೆ ಹತ್ತಿದೆ. 82.4. ಗೆಳೆಯನಿಗೆ ಫೋಟೋ ಕಳಿಸಿದೆ, ಉತ್ತರ ಬರಲಿಲ್ಲ. ಆಮೇಲಿಂದ ಎಂಟು ವಾರ ಡಯಟ್, ಎರಡು ವಾರ ಬಿಡುವು. ಬಿಡುವು ಮುಗಿದ ಮರುದಿನವೇ ಹಳೇ ದಾರಿಗೆ ಬರಲು ನನ್ನದೊಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಗೆಳೆಯನಿಗೂ ಹೇಳಿಲ್ಲ.

ಮನಸ್ಸು ಕುಸಿದ ದಿನಗಳಿಗೆ ಇನ್ನೊಂದಿತ್ತು. ಬೆನ್ನಿಗೆ ಹಾಕುವ ಚೀಲದಲ್ಲಿ ಒಂದೊಂದು ಲೀಟರಿನ ಹನ್ನೆರಡು ನೀರಿನ ಬಾಟಲಿ ತುಂಬಿದೆ. ಅಂದರೆ ನಾನು ಕಳೆದುಕೊಂಡಿದ್ದ ಹನ್ನೆರಡು ಕೆಜಿ. ಹೊತ್ತು ಮೆಟ್ಟಿಲು ಹತ್ತಿದೆ. ಎರಡನೇ ಮಹಡಿಯಲ್ಲಿ ಕೂತುಬಿಟ್ಟೆ. ಇಷ್ಟನ್ನು ಹೊತ್ತುಕೊಂಡೇ ವರ್ಷಗಟ್ಟಲೆ ಓಡಾಡಿದ್ದೆನಲ್ಲ! ತೂಕ ಅಲ್ಲಾಡದ ವಾರದಲ್ಲಿ ಒಮ್ಮೆ ಹೀಗೆ ಹತ್ತುತ್ತಿದ್ದೆ. ಮಂಡಿ ನೋವಿದ್ದವರು ಮಾಡಬೇಡಿ.

ಮೊನ್ನೆ ಹತ್ತೊಂಬತ್ತು ಬಾಟಲಿ ತುಂಬಲು ಹೋದೆ. ಹದಿನಾಲ್ಕಕ್ಕೇ ಜಿಪ್ಪು ಕಿತ್ತು ಬಂತು.