ಕಾಲೇಜು ತಂಡದ ಸ್ಟಾರ್ ಆಟಗಾರ ಬಿದ್ದಾಗ ಅಭಿಮಾನಿಗಳು ಮಾಡಬೇಕಾದ ಕೆಲಸ

ಕಾಸರಗೋಡಿನ ಕಡೆ ಕಾಲೇಜು ಫುಟ್ಬಾಲ್ ತಂಡದ ಫಾರ್ವರ್ಡ್ ಎಂದರೆ ಊರಿನ ಮನೆಮಗ. ಹಗಲು ಕಾಲೇಜಿಗೆ ಆಡಿದವನೇ ರಾತ್ರಿ ಕೊಯ್ಲಾದ ಗದ್ದೆಯ ಫ್ಲಡ್‌ಲೈಟ್ ಕೆಳಗೆ ಸೆವೆನ್ಸ್, ಅಂದರೆ ತಂಡಕ್ಕೆ ಏಳು ಜನರ ಫುಟ್ಬಾಲ್, ಆಡುತ್ತಾನೆ. ಅವನು ಬಿದ್ದು ಏಳದಿದ್ದರೆ ಗ್ಯಾಲರಿಗೆ ಗ್ಯಾಲರಿಯೇ ಹಗ್ಗ ದಾಟಿ ಒಳಗೆ ನುಗ್ಗುತ್ತದೆ. ಪ್ರೀತಿಯಿಂದಲೇ ನುಗ್ಗುತ್ತದೆ, ಆದರೆ ಪೆಟ್ಟು ದೊಡ್ಡದಾಗುವುದು ಎಷ್ಟೋ ಸಲ ಅಲ್ಲಿಂದಲೇ.

ಮೊದಲು, ಹಗ್ಗದ ಹೊರಗೇ ನಿಲ್ಲಿ. ಒಳಗೆ ಹೋಗಬೇಕಾದವರು ರೆಫರಿ ಕರೆದವರು ಮತ್ತು ಪ್ರಥಮ ಚಿಕಿತ್ಸೆ ಬಲ್ಲ ಒಬ್ಬಿಬ್ಬರು, ಅಷ್ಟೇ. ಕಂಕುಳಿಗೆ ಕೈ ಹಾಕಿ ಎಬ್ಬಿಸುವುದು, ಕಾಲು ಹಿಡಿದು ಜಗ್ಗುವುದು, ಮುಖಕ್ಕೆ ನೀರೆರಚುವುದು ಬೇಡ. ತಲೆಗೋ ಕುತ್ತಿಗೆಗೋ ಪೆಟ್ಟಾದ ಅನುಮಾನವಿದ್ದರೆ ಬಿದ್ದ ಭಂಗಿಯಲ್ಲೇ ಇರಲಿ. ಒಬ್ಬರು ತಲೆಯ ಹಿಂದೆ ಮೊಣಕಾಲೂರಿ ಕೂತು, ಎರಡೂ ಕೈಯಿಂದ ತಲೆ ಅಲುಗದಂತೆ ಹಿಡಿದುಕೊಳ್ಳಬೇಕು. ಚಹಾ, ಲಿಂಬೆ ಸೋಡಾ ಯಾವುದೂ ಬೇಡ. ಪ್ರಜ್ಞೆ ಇಲ್ಲದವನಿಗೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಮೂಳೆ ಮುರಿದವನಿಗೆ ಶಸ್ತ್ರಚಿಕಿತ್ಸೆ ಬೇಕಾದರೆ ಹೊಟ್ಟೆ ಖಾಲಿಯಾಗುವವರೆಗೆ ಅರಿವಳಿಕೆ ಕೊಡಲು ಕಾಯಬೇಕಾಗುತ್ತದೆ.

ಯಾರೂ ತಾಗದೆ ತಾನಾಗಿ ಕುಸಿದು ಬಿದ್ದರೆ ಹೃದಯದ ತೊಂದರೆ ಎಂದೇ ತಿಳಿಯಿರಿ. ಕರೆದರೆ ಓಗೊಡುವುದಿಲ್ಲ, ಉಸಿರಿಲ್ಲ ಅಥವಾ ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಎಳೆಯುತ್ತಾನೆ ಎಂದಾದರೆ ತಕ್ಷಣ ಎದೆಯ ನಡುವೆ ಒಂದು ಅಂಗೈ, ಅದರ ಮೇಲೆ ಇನ್ನೊಂದು ಇಟ್ಟು ಒತ್ತಬೇಕು. ಆಳ 5ರಿಂದ 6 ಸೆಂ.ಮೀ., ವೇಗ ನಿಮಿಷಕ್ಕೆ 100ರಿಂದ 120. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಿ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲಿ, ಸೋತ ಕೈ ಆಳಕ್ಕೆ ಹೋಗುವುದಿಲ್ಲ. 2021ರ ಜೂನ್ 12ರಂದು ಫಿನ್ಲೆಂಡ್ ಎದುರಿನ ಯುರೋ ಕಪ್ ಪಂದ್ಯದಲ್ಲಿ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ ಹೀಗೇ ಕುಸಿದರು. ಸಹ ಆಟಗಾರರು ಸುತ್ತ ನಿಂತು ಮರೆ ಮಾಡಿದರು, ವೈದ್ಯರು ಎದೆ ಒತ್ತಿ, ವಿದ್ಯುತ್ ಆಘಾತ ಕೊಟ್ಟು ಬದುಕಿಸಿದರು. ಗ್ಯಾಲರಿಯಲ್ಲಿ ಫಿನ್ಲೆಂಡ್ ಅಭಿಮಾನಿಗಳು ‘ಕ್ರಿಸ್ಟಿಯನ್’ ಎಂದರೆ ಡೆನ್ಮಾರ್ಕಿನವರು ‘ಎರಿಕ್ಸನ್’ ಎಂದು ಕೂಗಿದರು. ಕೂಗಲೇಬೇಕಾದರೆ ಹಾಗೆ ಕೂಗಿ, ನಿಂತ ಜಾಗದಿಂದ.

ಇನ್ನು ಹೊರಗಿದ್ದವರ ಕೆಲಸ. ಒಬ್ಬರು 108ಕ್ಕೆ ಫೋನ್ ಮಾಡಿ, ಕ್ಲಬ್ಬಿನ ಹೆಸರಲ್ಲ, ಹತ್ತಿರದ ಮಸೀದಿ, ದೈವಸ್ಥಾನ ಅಥವಾ ಶಾಲೆಯ ಗುರುತು ಹೇಳಿ. ಇನ್ನೊಬ್ಬರು ಮುಖ್ಯ ರಸ್ತೆಯ ತಿರುವಿನಲ್ಲಿ ಟಾರ್ಚ್ ಹಿಡಿದು ನಿಲ್ಲಿ. ನಾಲ್ಕೈದು ಜನ ಗದ್ದೆಗೆ ಇಳಿಯುವ ಓಣಿಯಲ್ಲಿ ಸಾಲಾಗಿ ನಿಲ್ಲಿಸಿದ ಬೈಕುಗಳನ್ನು ತೆಗೆಸಿ. ಆಂಬುಲೆನ್ಸ್ ಸಿಕ್ಕಿಕೊಳ್ಳುವುದು ಆ ಓಣಿಯಲ್ಲೇ.

ಕಾಲು ಸೊಟ್ಟಗಾಗಿದ್ದರೆ ನೆಟ್ಟಗೆ ಮಾಡಲು ಹೋಗಬೇಡಿ. ನಮ್ಮ ತೋಟದಲ್ಲಿ ಬೇಕಾದಷ್ಟು ಸಿಗುವ ಒಣ ಅಡಿಕೆ ಹಾಳೆ ಇದಕ್ಕೆ ಒಳ್ಳೆಯ ಆಸರೆ. ಎರಡು ಹಾಳೆಯನ್ನು ಕಾಲಿನ ಎರಡೂ ಬದಿಗೆ ಇಟ್ಟು, ನಡುವೆ ಬೈರಾಸು (ಟವೆಲ್) ಮಡಚಿ ಹಾಕಿ, ಪೆಟ್ಟಾದ ಜಾಗದ ಮೇಲಿನ ಮತ್ತು ಕೆಳಗಿನ ಕೀಲು ಎರಡೂ ಅಲುಗದಂತೆ ಕಟ್ಟಿ. ಕಟ್ಟು ಪೆಟ್ಟಿನ ಮೇಲೆಯೇ ಬೀಳಬಾರದು. ಕಟ್ಟಿದ ಮೇಲೆ ಕಾಲಿನ ಬೆರಳು ನೋಡಿ. ತಣ್ಣಗಾದರೆ, ನೀಲಿಯಾದರೆ, ಜುಮ್ಮೆಂದರೆ ಬಿಗಿ ಹೆಚ್ಚಾಯಿತು, ಸಡಿಲಿಸಿ. ಮೂಳೆ ಹೊರಗೆ ಕಂಡರೆ ಒಳಗೆ ತಳ್ಳದೆ ಶುಭ್ರ ಬಟ್ಟೆ ಮುಚ್ಚಿ.

ಉಳುಕಾದರೆ ಐಸ್. ಮೀನಿನ ಪೆಟ್ಟಿಗೆಯದಾದರೂ ಆದೀತು, ಗಾಯವಿಲ್ಲದ ಕಡೆ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಒದ್ದೆ ಬಟ್ಟೆ ಸುತ್ತಿ 15ರಿಂದ 20 ನಿಮಿಷ ಇಡಿ. ಬರಿಯ ಐಸ್ ಇಟ್ಟರೆ ಚರ್ಮ ಸುಡುತ್ತದೆ. ಎಣ್ಣೆ ತಿಕ್ಕಿಸಲು ಕರೆದುಕೊಂಡು ಹೋಗುವ ಹಿರಿಯರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಅವರಿಗೆ ಗೌರವದಿಂದಲೇ ಹೇಳಿ: ಮೊದಲ ಎರಡು ಮೂರು ದಿನ ತಿಕ್ಕಿದರೆ ಒಳಗಿನ ರಕ್ತಸ್ರಾವ, ಊತ ಹೆಚ್ಚುತ್ತದೆ, ಮೂಳೆ ಬಿರುಕು ಬಿಟ್ಟಿದ್ದರೆ ಜಾರುತ್ತದೆ. ಪಾದದ ಗಂಟಿಗೆ ಪೆಟ್ಟಾಗಿ ನಾಲ್ಕು ಹೆಜ್ಜೆ ಊರಲಾಗದಿದ್ದರೆ ಎಕ್ಸ್‌ರೇ ಬೇಕೇ ಬೇಕು. ಓಡುತ್ತಾ ತಿರುಗಿದಾಗ ಮೊಣಕಾಲು ‘ಟಪ್’ ಎಂದು, ಒಂದೆರಡು ಗಂಟೆಯಲ್ಲಿ ಬಾತುಕೊಂಡರೆ ಮೂಳೆಗಳನ್ನು ಹಿಡಿದಿಡುವ ಒಳಗಿನ ಅಸ್ಥಿರಜ್ಜು, ಅಂದರೆ ಎಸಿಎಲ್, ಹರಿದಿರುವ ಸಾಧ್ಯತೆ ದೊಡ್ಡದು. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ‘ಮೂಳೆಗೇನೂ ಆಗಿಲ್ಲ’ ಎಂಬ ಮಾತು ಕೇಳಿ ಮರುವಾರ ಆಡಿಸಿದರೆ ಮೆನಿಸ್ಕಸ್, ಅಂದರೆ ಮೊಣಕಾಲಿನೊಳಗಿನ ಮೆತ್ತೆಯಂಥ ಮೃದ್ವಸ್ಥಿ, ಕೂಡ ಹೋಗುತ್ತದೆ.

ತಲೆಗೆ ತಲೆ ಬಡಿದು, ‘ನನಗೇನೂ ಆಗಿಲ್ಲ’ ಎನ್ನುತ್ತಾ ಸ್ಕೋರ್ ಎಷ್ಟೆಂದು ಮತ್ತೆ ಮತ್ತೆ ಕೇಳಿದರೆ ಆ ದಿನದ ಆಟ ಮುಗಿಯಿತು. ಗ್ಯಾಲರಿಯಿಂದ ‘ಮತ್ತೆ ಮೈದಾನಕ್ಕೆ ಇಳಿಸಿ’ ಎಂದು ಕೂಗಬೇಡಿ. ಆ ರಾತ್ರಿ ಒಬ್ಬನೇ ಮಲಗಬಾರದು. ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಲಾಗದ ಮಂಪರು ಕಂಡರೆ ಆಸ್ಪತ್ರೆಗೆ.

ಮೊಬೈಲ್ ಜೇಬಿನಲ್ಲಿರಲಿ. ನರಳುವ ಮುಖದ ವಿಡಿಯೋ, ‘ಕೆರಿಯರ್ ಮುಗಿಯಿತಂತೆ’ ಎಂಬ ವಾಯ್ಸ್ ಮೆಸೇಜ್ ನಮ್ಮಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ ನಾಲ್ಕೂ ಭಾಷೆಯ ಗುಂಪುಗಳಲ್ಲಿ ಒಟ್ಟಿಗೇ ಓಡುತ್ತದೆ. ಹುಡುಗನ ಅಮ್ಮನಿಗೆ ಸುದ್ದಿ ಮುಟ್ಟುವುದು ಹಾಗಾಗಬಾರದು. ಮನೆಗೆ ತಿಳಿಸಲು ಪರಿಚಿತರೊಬ್ಬರನ್ನು ನೇರ ಕಳಿಸಿ. ಮುಂದಿನ ಸುದ್ದಿ ಮನೆಯವರು ಒಪ್ಪಿದ ಒಬ್ಬರ ಬಾಯಿಂದ ಮಾತ್ರ ಬರಲಿ. ಎಂಆರ್‌ಐ ರಿಪೋರ್ಟಿನ ಫೋಟೋ ಯಾವ ಗುಂಪಿಗೂ ಬೇಡ.

ಎದುರು ತಂಡದ ಹುಡುಗನನ್ನು ಮುಟ್ಟಬೇಡಿ, ಬೈಯಬೇಡಿ. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವದಲ್ಲಿ ಫೆಡರೇಶನ್ ಕಪ್ ಫೈನಲ್ ಆಡುತ್ತಿದ್ದ ಗೋವಾದ ಡೆಂಪೋ ಕ್ಲಬ್ಬಿನ ಕ್ರಿಸ್ಟಿಯಾನೊ ಜೂನಿಯರ್, ಗೋಲು ಹೊಡೆಯುವ ಭರದಲ್ಲಿ ಮೋಹನ್ ಬಾಗಾನ್ ಗೋಲ್‌ಕೀಪರ್ ಸುಬ್ರತಾ ಪಾಲ್‌ಗೆ ಡಿಕ್ಕಿಯಾಗಿ ಬಿದ್ದು ತೀರಿಕೊಂಡರು. ದೂರೆಲ್ಲ ಆಗ ಇನ್ನೂ ಹದಿಹರೆಯದ ಪಾಲ್ ತಲೆಗೆ ಬಂತು. ಮುಂದೆ ಅವರೇ 2011ರ ಏಷ್ಯನ್ ಕಪ್‌ನಲ್ಲಿ ಭಾರತದ ಗೋಲು ಕಾದರು. ಫೌಲ್ ತೀರ್ಮಾನ ರೆಫರಿಯದು. ಎಸಿಎಲ್ ಹರಿಯುವುದಂತೂ ಹೆಚ್ಚಾಗಿ ಯಾರೂ ತಾಗದೆಯೇ.

ಆಸ್ಪತ್ರೆಗೆ ಇಬ್ಬರು ಹೋದರೆ ಸಾಕು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ.; ತಲಪಾಡಿ ದಾಟಿದರೆ ರಾಜ್ಯವೇ ಬೇರೆ. ಹೊರಡುವ ಮೊದಲು ಮನೆಯವರ ಆರೋಗ್ಯ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಆ ಆಸ್ಪತ್ರೆಗೇ ಫೋನ್ ಮಾಡಿ ಕೇಳಿ. ಡಿಸ್ಚಾರ್ಜ್ ಕಾಗದ, ಬಿಲ್ಲು ಎಲ್ಲ ಒಂದೇ ಫೈಲಿನಲ್ಲಿರಲಿ. ಕಾಲೇಜಿನ ಹಾಜರಿಗೂ ಅದೇ ಬೇಕು.

ಹಣ ಎತ್ತುವಾಗ ಖಾತೆ ಅಪ್ಪ ಅಮ್ಮನ ಹೆಸರಿನದಾಗಿರಲಿ, ಲೆಕ್ಕ ಬರೆಯಲು ಇಬ್ಬರಿರಲಿ. ಬಂದದ್ದನ್ನೆಲ್ಲ ಶಸ್ತ್ರಚಿಕಿತ್ಸೆಗೇ ಮುಗಿಸಬೇಡಿ. ಆಮೇಲಿನ ಫಿಸಿಯೋಥೆರಪಿ ತಿಂಗಳುಗಟ್ಟಲೆ ಸಾಗುತ್ತದೆ, ಆಗ ಯಾರ ಜೇಬಿಗೂ ನೆನಪಿರುವುದಿಲ್ಲ. ಸಂಗ್ರಹವಾದದ್ದರಲ್ಲಿ ಒಂದು ಪಾಲು ಅದಕ್ಕೆಂದೇ ತೆಗೆದಿಟ್ಟು, ವಾರಕ್ಕೆ ಯಾರು ರಿಕ್ಷಾದಲ್ಲಿ ಕರೆದೊಯ್ಯುತ್ತಾರೆ ಎಂದು ಪಾಳಿ ಹಾಕಿ.

ಎಸಿಎಲ್ ಶಸ್ತ್ರಚಿಕಿತ್ಸೆಯಾದರೆ ಮತ್ತೆ ಪಂದ್ಯಕ್ಕೆ ಕನಿಷ್ಠ 9 ತಿಂಗಳು. ಫೆಬ್ರವರಿಯಲ್ಲಿ ಆದರೆ ನವೆಂಬರ್. ನಡುವೆ ಆರನೇ ತಿಂಗಳಿಗೆ ನೋವಿರುವುದಿಲ್ಲ, ಓಟ ಚೆನ್ನಾಗಿರುತ್ತದೆ, ಅಷ್ಟರಲ್ಲಿ ಯಾರೋ ‘ಫೈನಲ್ ಒಂದು ಆಡಿಕೊಡು’ ಎಂದು ಮನೆ ಬಾಗಿಲಿಗೆ ಬರುತ್ತಾರೆ. ತ್ರಿಕ್ಕರಿಪುರದ ಮೊಹಮ್ಮದ್ ರಾಫಿ 2016ರ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್ ಫೈನಲ್‌ನಲ್ಲಿ ಗೋಲು ಹೊಡೆದದ್ದನ್ನು ಕಂಡ ಜಿಲ್ಲೆ ಇದು, ಆಸೆ ಸಹಜ. ಆದರೆ ಹೊಸ ಅಸ್ಥಿರಜ್ಜು ಬಲಿಯುವ ಮೊದಲೇ ಆಡಿಸಿದರೆ ಮತ್ತೆ ಹರಿಯುವ ಅಪಾಯ ಬಹಳ ಹೆಚ್ಚು. ಆ ಕರೆ ಬಂದಾಗ ಬೇಡವೆನ್ನುವ ಬಲ ಹತ್ತೊಂಬತ್ತರ ಹುಡುಗನಿಗಿರುವುದಿಲ್ಲ. ಬಾಗಿಲಲ್ಲಿ ನಿಂತು ನೀವೇ ಹೇಳಬೇಕು. ನವೆಂಬರಿನಲ್ಲಿ ಕೋಚ್ ಅವನನ್ನು ಕೊನೆಯ 15 ನಿಮಿಷಕ್ಕೆ ಮಾತ್ರ ಇಳಿಸಿ, ಅವನು ಒಂದೂ ಟ್ಯಾಕಲ್‌ಗೆ ಹೋಗದೆ ಬಂದರೂ ಚಪ್ಪಾಳೆ ಜೋರಾಗಿಯೇ ಇರಲಿ.