ವೈನ್ ಶಾಪಿನಲ್ಲಿ ವೈನ್ ಹುಡುಕಿದ ಕಥೆ

ನಮ್ಮ ಕಡೆ ವೈನ್ ಶಾಪಿನಲ್ಲಿ ವೈನ್ ಸಿಕ್ಕೇ ಸಿಗುತ್ತದೆ ಅಂತೇನಿಲ್ಲ. ಬೋರ್ಡಿನ ಮೇಲೆ ಯಾವುದೋ ದೇವರ ಹೆಸರು, ಪಕ್ಕದಲ್ಲಿ ‘ವೈನ್ಸ್’ ಅಂತ ದಪ್ಪ ಅಕ್ಷರ. ಒಳಗೆ ಇರುವುದು ವಿಸ್ಕಿ, ಬ್ರಾಂದಿ, ರಮ್ಮು, ಬಿಯರು. ಎಂಟು ವರ್ಷದ ಹಿಂದೆ ಬೆಂಗಳೂರಿನ ನಮ್ಮ ಬಡಾವಣೆಯ ಅಂಗಡಿಗೆ ಹೋಗಿ ಮೊದಲ ಸಲ ‘ರೆಡ್ ವೈನ್ ಇದೆಯಾ?’ ಅಂತ ಕೇಳಿದೆ. ಕೌಂಟರಿನ ಹುಡುಗ ಒಂದು ಕ್ಷಣ ನನ್ನ ಮುಖ ನೋಡಿದ. ‘ಪೋರ್ಟ್ ವೈನಾ ಮೇಡಂ?’ ಅಂದ. ಅದಲ್ಲ, ಸಿಹಿ ಇಲ್ಲದ್ದು ಅಂದೆ. ಸ್ಟೂಲ್ ಹಾಕಿಕೊಂಡು ಹತ್ತಿ, ತಗಡಿನ ಮಾಡಿಗೆ ತಾಗುವಂತಿದ್ದ ಮೇಲಿನ ಹಲಗೆಯಿಂದ ಒಂದು ಬಾಟಲಿ ಇಳಿಸಿ, ಬಟ್ಟೆಯಲ್ಲಿ ಧೂಳು ಒರೆಸಿ ಕೊಟ್ಟ.

ಮನೆಗೆ ತಂದು ತೆರೆದೆವು. ಬೇಯಿಸಿದ ಒಣದ್ರಾಕ್ಷಿಯ ವಾಸನೆ, ಬಾಯಲ್ಲಿ ಹಳೇ ಹುಣಸೆಗೊಜ್ಜಿನ ರುಚಿ. ನನ್ನ ಗಂಡ ಒಂದು ಗುಟುಕು ಕುಡಿದು, ‘ನೆಗಡಿ ಕಷಾಯ ಇದ್ದಂಗಿದೆ’ ಅಂದರು. ಉಳಿದದ್ದು ಸಿಂಕಿಗೆ ಹೋಯಿತು. ನಮ್ಮ ದೇಶದ ರೆಡ್ ವೈನ್ ಇಷ್ಟೇ, ಕಡಿಮೆ ಬೆಲೆಯದಂತೂ ಬೇಡವೇ ಬೇಡ ಅಂತ ಅವತ್ತು ತೀರ್ಮಾನ ಮಾಡಿದೆ. ಆ ತೀರ್ಮಾನ ತಪ್ಪು ಅಂತ ಗೊತ್ತಾಗಲು ಒಂದು ವರ್ಷ ಹಿಡಿಯಿತು. ಕೆಟ್ಟಿದ್ದು ವೈನ್ ಅಲ್ಲ, ಅದು ಕೂತಿದ್ದ ಜಾಗ.

ನಮ್ಮ ಲೆಕ್ಕಾಚಾರ ಮೊದಲೇ ಹೇಳಿಬಿಡುತ್ತೇನೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ವಾರದಲ್ಲಿ ಎರಡು ಮೂರು ರಾತ್ರಿ ಊಟದ ಜೊತೆ ಒಂದೊಂದು ಗ್ಲಾಸು, ಅಷ್ಟೇ. 750 ಮಿಲಿ ಬಾಟಲಿಯಲ್ಲಿ 150 ಮಿಲಿಯ ಐದು ಗ್ಲಾಸು ಬರುತ್ತದೆ. ಬಾಟಲಿಗೆ 1,000 ರೂಪಾಯಿ ದಾಟಬಾರದು ಅಂತ ನಾನೇ ಗೆರೆ ಎಳೆದುಕೊಂಡೆ. ಹಾಗೆ ನೋಡಿದರೆ ಗ್ಲಾಸಿಗೆ 200 ರೂಪಾಯಿ, ಮಾಲಿನಲ್ಲಿ ಒಂದು ಕಾಪುಚಿನೋ ಕುಡಿದ ಹಾಗೆ. ಹೃದಯಕ್ಕೆ ಒಳ್ಳೇದು ಅನ್ನುವ ನೆಪವನ್ನೆಲ್ಲ ನಾನು ಹೇಳುವುದಿಲ್ಲ. ರುಚಿಗಾಗಿ ಕುಡಿಯುತ್ತೇವೆ.

ಕಣ್ಣು ತೆರೆಸಿದ್ದು ನಂದಿ ಬೆಟ್ಟದ ಬುಡಕ್ಕೆ ಹೋದ ಒಂದು ಭಾನುವಾರ. ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ಅವರ ದ್ರಾಕ್ಷಿ ತೋಟ ಇದೆ. ಕಂವಲ್ ಗ್ರೋವರ್ 1988ರಲ್ಲಿ ಶುರು ಮಾಡಿದ್ದು. ಫ್ರಾನ್ಸಿನ ಶಾಂಪೇನ್ ಸೀಮೆಯ ವೈನ್ ತಜ್ಞ ಜಾರ್ಜ್ ವೆಸೆಲ್ ಜೊತೆಗಿದ್ದರು. ಮೊದಲ ವೈನ್ ಬಂದದ್ದು 1992ರಲ್ಲಿ. ಬೆಂಗಳೂರಿನ ಸುತ್ತ ಅದಕ್ಕೂ ಮುಂಚಿನಿಂದ ಬೆಳೆಯುತ್ತಿದ್ದದ್ದು ನಾವೆಲ್ಲ ಚಿಕ್ಕಂದಿನಿಂದ ತಿಂದ ಬೆಂಗಳೂರು ಬ್ಲೂ. ಬಾಯಿಗೆ ಹಾಕಿದರೆ ಸಿಪ್ಪೆ ಬೇರೆ, ತಿರುಳು ಬೇರೆ ಆಗುತ್ತಲ್ಲ, ಅದೇ. ಜ್ಯೂಸಿಗೆ, ಜಾಮಿಗೆ, ಸಿಹಿ ಪೋರ್ಟ್ ವೈನಿಗೆ ಅದು ಚೆನ್ನ. ಊಟದ ಜೊತೆ ಕುಡಿಯುವ ಸಿಹಿಯಿಲ್ಲದ ರೆಡ್ ವೈನಿಗೆ ಬೇರೆ ತಳಿ ಬೇಕು: ಕ್ಯಾಬರ್ನೆ ಸೋವಿನ್ಯೋನ್, ಶಿರಾಜ್, ಮರ್ಲೋ.

ಅಲ್ಲಿ ತೋಟ ತೋರಿಸಿದವರು ಹೇಳಿದ ಒಂದು ಮಾತು ನನಗೆ ತುಂಬಾ ಉಪಯೋಗಕ್ಕೆ ಬಂತು. ಯುರೋಪಿನಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲದಲ್ಲಿ ಮಲಗುತ್ತದೆ. ನಮ್ಮಲ್ಲಿ ಅಂಥ ಚಳಿಯೇ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಬಳ್ಳಿಯ ರೆಂಬೆ ಕತ್ತರಿಸಿ ಸವರುತ್ತಾರೆ. ವಿಜಯಪುರದ ಕಡೆಯ ಬೆಳೆಗಾರರು ಇದನ್ನು ಚಾಟ್ನಿ ಅನ್ನುತ್ತಾರೆ. ಬೇಸಿಗೆಯಲ್ಲಿ ಒಂದು, ಮಳೆ ಹಿಂದೆ ಸರಿಯುವ ಹೊತ್ತಿಗೆ ಇನ್ನೊಂದು. ಎರಡನೆಯ ಸವರಿಕೆ ಆದಮೇಲೆ ಬರುವ ಗೊಂಚಲನ್ನೇ ವೈನಿಗೆ ಬಳಸುವುದು. ಕೊಯ್ಲು ಹೆಚ್ಚುಕಡಿಮೆ ಜನವರಿಯಿಂದ ಮಾರ್ಚ್ ತನಕ. ಅಂದರೆ ಬಾಟಲಿಯ ಮೇಲೆ 2024 ಅಂತ ಇದ್ದರೆ ಆ ವರ್ಷದ ಯುಗಾದಿ ಹೊತ್ತಿಗೆಲ್ಲ ಹಣ್ಣು ಕೊಯ್ದಾಗಿದೆ. ಕೊಯ್ಲು ತಡವಾಗಿ ಆಗುವ ಯುರೋಪಿನವರ 2024ಕ್ಕಿಂತ ನಮ್ಮದು ಅರ್ಧ ವರ್ಷ ಹಿರಿದು!

ಅವತ್ತಿಂದ ನಾನು ಬಾಟಲಿಯ ಮುಂದಿನ ಚಿತ್ರ ನೋಡುವುದು ಬಿಟ್ಟೆ. ತಿರುಗಿಸಿ ಹಿಂದೆ ಓದುತ್ತೇನೆ. ಕೊಯ್ಲಿನ ವರ್ಷ ಯಾವುದು, ಬಾಟಲಿಗೆ ತುಂಬಿದ ತಿಂಗಳು ಯಾವುದು. ಹಳೆಯದಾದಷ್ಟೂ ರುಚಿ ಅನ್ನುವ ಮಾತು ದುಬಾರಿ ವೈನುಗಳಲ್ಲೂ ಕೆಲವಕ್ಕೆ ಮಾತ್ರ ಸಲ್ಲುತ್ತದೆ. ಸಾವಿರದೊಳಗಿನ ರೆಡ್ ವೈನನ್ನು ಬೇಗ ಕುಡಿಯಲಿ ಅಂತಲೇ ಮಾಡಿರುತ್ತಾರೆ. ಮೂರು ವರ್ಷ ದಾಟಿದ್ದನ್ನು ನಾನು ಮುಟ್ಟುವುದಿಲ್ಲ. ತಿರುಪು ಮುಚ್ಚಳ ಇದ್ದರೆ ಖುಷಿ. ಬಿರಡೆಯದ್ದಾದರೆ, ಬಿರಡೆ ಮೇಲಕ್ಕೆ ಉಬ್ಬಿದೆಯಾ, ಕತ್ತಿನ ಹತ್ತಿರ ಸೋರಿದ ಕಲೆ ಇದೆಯಾ ನೋಡುತ್ತೇನೆ. ಎರಡರಲ್ಲಿ ಒಂದಿದ್ದರೂ ಆ ಬಾಟಲಿ ಬಿಸಿಲು ಕಂಡಿದೆ ಅಂತಲೇ ಲೆಕ್ಕ.

ಅಂಗಡಿಯನ್ನೂ ಬದಲಾಯಿಸಿದೆ. ಈಗ ಹೋಗುವುದು ಮನೆಯಿಂದ ನಾಲ್ಕು ಕಿಲೋಮೀಟರ್ ದೂರ. ಅಲ್ಲಿ ಎಸಿ ಇದೆ, ವೈನ್ ಕೊಳ್ಳುವ ಜನವೂ ಜಾಸ್ತಿ. ಜನ ಜಾಸ್ತಿ ಇದ್ದರೆ ಸರಕು ನಿಲ್ಲುವುದಿಲ್ಲ. ಅಲ್ಲಿ ಕೂಡ ಕಿಟಕಿ ಪಕ್ಕದ ಬಾಟಲಿ, ಲೈಟಿನ ಕೆಳಗೆ ನಿಂತ ಬಾಟಲಿ ಎತ್ತುವುದಿಲ್ಲ. ‘ಒಳಗಿನ ಬಾಕ್ಸಿಂದ ಕೊಡಿ’ ಅನ್ನುತ್ತೇನೆ. ಮೊದಮೊದಲು ಗೊಣಗುತ್ತಿದ್ದರು. ತರಕಾರಿ ಆರಿಸುವಾಗ ಗೊಣಗಿಸಿಕೊಂಡು ಅಭ್ಯಾಸ ಇದೆಯಲ್ಲ, ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಇಷ್ಟಾದ ಮೇಲೂ ಒಂದು ಸಮಸ್ಯೆ ಉಳಿದಿತ್ತು. ಒಳ್ಳೆ ಬಾಟಲಿಯೂ ಕೆಲವು ದಿನ ಚೆನ್ನಾಗಿರುತ್ತಿತ್ತು, ಕೆಲವು ದಿನ ಗಂಟಲು ಸುಡುತ್ತಿತ್ತು. ರೆಡ್ ವೈನನ್ನು ರೂಂ ಟೆಂಪರೇಚರಿನಲ್ಲಿ ಕುಡಿಯಬೇಕು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಯಾರ ರೂಮು? ಆ ಮಾತು ಹುಟ್ಟಿದ್ದು ಹಳೇ ಕಾಲದ ಯುರೋಪಿನ ತಣ್ಣನೆಯ ಕಲ್ಲಿನ ಮನೆಗಳಲ್ಲಿ. ರೆಡ್ ವೈನಿಗೆ ಹಿತವಾದದ್ದು 14ರಿಂದ 18 ಡಿಗ್ರಿ. ಮಾರ್ಚ್ ತಿಂಗಳ ಸಂಜೆ ನಮ್ಮ ಅಡುಗೆಮನೆಯ ಥರ್ಮಾಮೀಟರ್ 28 ತೋರಿಸುತ್ತಿತ್ತು. ಅಷ್ಟು ಬೆಚ್ಚಗಿದ್ದರೆ ಮದ್ಯದ ಘಾಟೇ ಮೂಗಿಗೆ ಹೊಡೆಯುತ್ತದೆ, ಹಣ್ಣಿನ ಪರಿಮಳ ಅಡಗಿಹೋಗುತ್ತದೆ.

ಇದನ್ನು ಪರೀಕ್ಷೆ ಮಾಡಿದ್ದು ನಮ್ಮ ಭಾವನಿಂದಾಗಿ. ಅಕ್ಕನ ಗಂಡ. ದುಡ್ಡು ಕೊಟ್ಟರೆ ರುಚಿ ತಾನಾಗಿ ಬರುತ್ತದೆ ಅನ್ನುವ ಮನುಷ್ಯ. ಏರ್‌ಪೋರ್ಟಿನಿಂದ ಒಂದು ವಿದೇಶಿ ಬಾಟಲಿ ತಂದು, ‘ನಿಮ್ಮ ಎಂಟುನೂರು ರೂಪಾಯಿದನ್ನು ಇದರ ಪಕ್ಕ ಇಡು ನೋಡೋಣ’ ಅಂದರು. ಸರಿ, ಇಟ್ಟೆ. ನಾಲ್ಕು ಬಾಟಲಿಗೆ ನ್ಯೂಸ್‌ಪೇಪರ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಒಂದರಿಂದ ನಾಲ್ಕು ನಂಬರ್ ಬರೆದೆ. ಆರು ಜನ ಕೂತು ಹತ್ತಕ್ಕೆ ಅಂಕ ಹಾಕಿದರು. ಯಾರಿಗೂ ಹೇಳದೆ ಒಂದು ತರಲೆ ಮಾಡಿದ್ದೆ. ಎರಡನೇ ನಂಬರ್ ಮತ್ತು ನಾಲ್ಕನೇ ನಂಬರ್ ಒಂದೇ ವೈನು, ಒಂದೇ ಬಾಕ್ಸಿನ ಎರಡು ಬಾಟಲಿ. ಎರಡನೆಯದನ್ನು ಒಂದೂವರೆ ಗಂಟೆ ಫ್ರಿಜ್ಜಿನಲ್ಲಿ ಇಟ್ಟಿದ್ದೆ, ನಾಲ್ಕನೆಯದು ಅಡುಗೆಮನೆಯ ಕಟ್ಟೆ ಮೇಲೇ ಇತ್ತು.

ಎರಡನೆಯದಕ್ಕೆ ಎಲ್ಲರೂ ಏಳು, ಎಂಟು ಕೊಟ್ಟರು. ನಾಲ್ಕನೆಯದಕ್ಕೆ ನಾಲ್ಕು ದಾಟಲಿಲ್ಲ. ಭಾವ ನಾಲ್ಕನೆಯದನ್ನು ‘ಇದು ಚೀಪ್, ಕುಡಿದ ತಕ್ಷಣ ಗೊತ್ತಾಗುತ್ತೆ’ ಅಂದರು, ಎರಡನೆಯದನ್ನು ತಾವು ತಂದದ್ದೇ ಅಂದುಕೊಂಡರು. ಅವರ ಬಾಟಲಿ ಮೂರನೇ ಸ್ಥಾನಕ್ಕೆ ಬಂತು. ಪೇಪರ್ ಬಿಚ್ಚಿದಾಗ ಅಕ್ಕ ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಫ್ರಿಜ್ಜಿನಲ್ಲಿ ಅರ್ಧ ಗಂಟೆ ಸಾಕು ಅಂತ ಕೆಲವರು ಹೇಳುತ್ತಾರೆ, ನಮ್ಮ ಮನೆಯ ಸೆಕೆಗೆ ಅದು ಸಾಲದು. ಚಳಿಗಾಲದಲ್ಲಿ ಮುಕ್ಕಾಲು ಗಂಟೆ, ಬೇಸಿಗೆಯಲ್ಲಿ ಒಂದೂವರೆ. ಜಾಸ್ತಿ ತಣ್ಣಗಾದರೂ ಪರವಾಗಿಲ್ಲ, ಗ್ಲಾಸಿನಲ್ಲಿ ಹತ್ತು ನಿಮಿಷಕ್ಕೆ ಹದಕ್ಕೆ ಬರುತ್ತದೆ.

ವಿದೇಶಿ ಬಾಟಲಿಗಳ ವಿಷಯ ಬಂತಲ್ಲ, ಅದನ್ನೂ ಹೇಳಿ ಮುಗಿಸುತ್ತೇನೆ. ಹೊರದೇಶದ ವೈನಿಗೆ 150% ಆಮದು ಸುಂಕ ಹಾಕುತ್ತಿದ್ದರು, ಆಮೇಲೆ ರಾಜ್ಯದ ಅಬಕಾರಿ ಸುಂಕ ಬೇರೆ. 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ ಆಸ್ಟ್ರೇಲಿಯಾದ ವೈನಿಗೆ, ಅದೂ ಕನಿಷ್ಠ 5 ಡಾಲರ್ ಬೆಲೆಯ ಬಾಟಲಿಗೆ, ಸುಂಕ 100%ಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ 50%ಕ್ಕೆ ಬರಬೇಕು. ಇಳಿದರೂ ಸಾವಿರ ರೂಪಾಯಿಯ ವಿದೇಶಿ ಬಾಟಲಿಯಲ್ಲಿ ದ್ರಾಕ್ಷಿಗೆ ಹೋದ ದುಡ್ಡು ತೀರಾ ಕಡಿಮೆ. ಅದೇ ಸಾವಿರಕ್ಕೆ ನಂದಿಯ, ಇಲ್ಲವೇ ಮಹಾರಾಷ್ಟ್ರದ ನಾಶಿಕ, ಅಕಲೂಜಿನ ವೈನ್ ತಗೊಂಡರೆ ಬಾಟಲಿಯೊಳಗೆ ಜಾಸ್ತಿ ಸಿಗುತ್ತದೆ ಅನ್ನುವುದು ನನ್ನ ಅನುಭವ.

ನಾನು ಕೊಳ್ಳುವುದು ಏನು ಅಂತ ಕೇಳುವವರಿಗೆ: ದಿನಬಳಕೆಗೆ ಬಿಗ್ ಬನ್ಯನ್ ಮರ್ಲೋ, ಸುಲಾದ ಶಿರಾಜ್ ಕ್ಯಾಬರ್ನೆ, ಫ್ರಟೆಲ್ಲಿಯ ಸ್ಯಾಂಜಿಯೊವೇಸೆ (ಇದೂ ಒಂದು ದ್ರಾಕ್ಷಿ ತಳಿ, ಇಟಲಿಯದು). ಗ್ರೋವರಿನ ಲಾ ರಿಸರ್ವ್ ನನ್ನ ಗೆರೆ ದಾಟುತ್ತದೆ, ಹಬ್ಬದ ದಿನಕ್ಕೆ ಇರಲಿ ಅಂತ ಬಿಟ್ಟಿದ್ದೇನೆ. ಹಂಪಿ ಬೆಟ್ಟಗಳ ಕೃಷ್ಮಾ ಇನ್ನೂ ಮೇಲೆ, ಮದುವೆಯ ವಾರ್ಷಿಕೋತ್ಸವಕ್ಕೆ ಮಾತ್ರ. ಆದರೆ ನನ್ನ ಪಟ್ಟಿ ನಿಮಗೂ ಹಿಡಿಸಬೇಕು ಅಂತಿಲ್ಲ. ಒಂದು ಹಳೇ ನೋಟ್ ಬುಕ್ಕಿನಲ್ಲಿ ಹೆಸರು, ವರ್ಷ, ಬೆಲೆ, ಏನು ಊಟ ಇತ್ತು, ಇನ್ನೊಮ್ಮೆ ತರಬೇಕಾ ಅಂತ ಒಂದು ಸಾಲು ಬರೆದಿಟ್ಟೆ. ಮೂವತ್ತು ಬಾಟಲಿ ಆದಮೇಲೆ ನನ್ನ ನಾಲಿಗೆ ಯಾವ ಕಡೆ ವಾಲುತ್ತದೆ ಅಂತ ತಿಳಿಯಿತು. ನನಗೆ ಒಗರು ಕಮ್ಮಿ ಇರಬೇಕು, ಹುಳಿ ಸ್ವಲ್ಪ ಮುಂದಿರಬೇಕು.

ಒಗರು ಅಂದೆ. ಇಂಗ್ಲಿಷಿನಲ್ಲಿ ಟ್ಯಾನಿನ್ ಅಂತ ಏನೇನೋ ವಿವರಣೆ ಕೊಡುತ್ತಾರೆ. ನಮಗೆ ಅದು ಬೇಕಿಲ್ಲ, ಹಸಿ ಅಡಿಕೆ ಜಗಿದವರಿಗೆ, ನೆಲ್ಲಿಕಾಯಿ ಕಚ್ಚಿದವರಿಗೆ ಗೊತ್ತು. ನೇರಳೆ ಹಣ್ಣು ನೆನೆಸಿಕೊಳ್ಳಿ: ಹುಳಿ, ಸಿಹಿ, ಒಗರು, ಕೊನೆಗೆ ಬಣ್ಣ ಹತ್ತಿದ ನಾಲಿಗೆ. ಸಿಹಿ ತೆಗೆದುಬಿಟ್ಟರೆ ಅದು ಹೆಚ್ಚುಕಡಿಮೆ ರೆಡ್ ವೈನೇ. ಈ ಒಗರು ಬರುವುದು ದ್ರಾಕ್ಷಿಯ ಸಿಪ್ಪೆ, ಬೀಜದಿಂದ. ಬಣ್ಣವೂ ಸಿಪ್ಪೆಯದೇ.

ಒಗರಿಗೂ ನಮ್ಮ ಖಾರಕ್ಕೂ ಆಗಿಬರುವುದಿಲ್ಲ. ಗುಂಟೂರು ಮೆಣಸಿನಕಾಯಿಯ ಸಾರಿನ ಜೊತೆ ಒಗರು ಜಾಸ್ತಿ ಇರುವ ಕ್ಯಾಬರ್ನೆ ಕುಡಿದರೆ ಬಾಯಿಗೆ ಬೆಂಕಿ ಹಚ್ಚಿದ ಹಾಗೆ. ಮದ್ಯ ಖಾರವನ್ನು ಇನ್ನೂ ಎಬ್ಬಿಸುತ್ತದೆ. ಬ್ಯಾಡಗಿ ಹಾಕಿ ಮಾಡಿದರೆ ಬಣ್ಣ ಜಾಸ್ತಿ, ಉರಿ ಕಮ್ಮಿ, ವೈನ್ ಬದುಕುತ್ತದೆ. ಎಣ್ಣೆಗಾಯಿ, ಜೋಳದ ರೊಟ್ಟಿಗೆ ಮರ್ಲೋ ಹೊಂದುತ್ತದೆ, ಶೇಂಗಾ ಎಳ್ಳಿನ ಜಿಡ್ಡು ಒಗರನ್ನು ನುಂಗಿಬಿಡುತ್ತದೆ. ಟೊಮೇಟೊ, ಹುಣಸೆ ಇದ್ದ ಕಡೆ ಸ್ಯಾಂಜಿಯೊವೇಸೆ, ಅದರಲ್ಲೂ ಹುಳಿ ಇದೆ. ಕಾಳುಮೆಣಸು ಹಾಕಿ ಹುರಿದ ಕೋಳಿಗೆ ಅಥವಾ ಕೊಡಗಿನ ಪಂದಿ ಕರಿಗೆ ಶಿರಾಜ್ ಬಿಟ್ಟು ಬೇರೆ ಯೋಚಿಸಬೇಡಿ. ಸುಮ್ನೆ ಹೇಳುತ್ತಿಲ್ಲ. ಕಾಳುಮೆಣಸಿನ ಘಮಕ್ಕೆ ಕಾರಣವಾದ ರೊಟಂಡೋನ್ ಅನ್ನುವ ಅಂಶವೇ ಶಿರಾಜಿನಲ್ಲೂ ಇದೆ, ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಇದನ್ನು ತೋರಿಸಿಕೊಟ್ಟರು. ತಿಳಿಸಾರು, ಮೊಸರನ್ನಕ್ಕೆ ಮಾತ್ರ ಯಾವ ರೆಡ್ ವೈನೂ ಬೇಡ. ಎರಡಕ್ಕೂ ಅವಮಾನ.

ಇಬ್ಬರು ಕುಡಿಯುವ ಮನೆಯಲ್ಲಿ ಬಾಟಲಿ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಮೊದಲು ಮುಚ್ಚಳ ಹಾಕಿ ಶೆಲ್ಫಿನಲ್ಲಿ ಇಡುತ್ತಿದ್ದೆ, ಎರಡನೇ ದಿನಕ್ಕೇ ಹುಳಿ ಹೊಡೆಯುತ್ತಿತ್ತು. ಈಗ 375 ಮಿಲಿಯ ಒಂದು ಖಾಲಿ ಚಿಕ್ಕ ಬಾಟಲಿ ತೊಳೆದು ಒಣಗಿಸಿ ಇಟ್ಟುಕೊಂಡಿದ್ದೇನೆ. ದೊಡ್ಡ ಬಾಟಲಿ ತೆರೆದ ಕೂಡಲೇ, ಗ್ಲಾಸಿಗೆ ಬಗ್ಗಿಸುವ ಮುಂಚೆಯೇ, ಅರ್ಧವನ್ನು ಅದಕ್ಕೆ ಕಂಠಪೂರ್ತಿ ತುಂಬಿ, ತಿರುಪು ಬಿಗಿ ಮಾಡಿ ಫ್ರಿಜ್ಜಿಗೆ ಹಾಕುತ್ತೇನೆ. ಗಾಳಿಗೆ ಜಾಗವೇ ಇಲ್ಲದಿದ್ದರೆ ನಾಲ್ಕು ದಿನ ಆರಾಮಾಗಿ ತಡೆಯುತ್ತದೆ. ಕೊನೆಯಲ್ಲಿ ಅರ್ಧ ಗ್ಲಾಸು ಉಳಿದರೆ ಮಟನ್ ಮಸಾಲೆಗೆ ಬೀಳುತ್ತದೆ. ಅಮ್ಮ ಬಂದಾಗ ‘ಸಾರಿಗೆ ಏನು ಹಾಕಿದ್ದೀಯೇ, ಒಳ್ಳೆ ಬಣ್ಣ ಬಂದಿದೆ’ ಅಂದಿದ್ದರು. ದ್ರಾಕ್ಷಿ ರಸ ಅಂದೆ. ಸುಳ್ಳೇನಲ್ಲ ಅಲ್ವಾ?

ನನಗೆ ಇನ್ನೂ ಸರಿಯಾಗಿ ಬಗೆಹರಿಯದೇ ಇರುವುದು ಏಪ್ರಿಲ್, ಮೇ ತಿಂಗಳು. ಅಂಗಡಿಯಲ್ಲಿ ಎಸಿ ಇದ್ದರೂ ಲಾರಿಯಲ್ಲಿ, ಗೋಡೌನಿನಲ್ಲಿ ಇರುವುದಿಲ್ಲ. ಆ ಎರಡು ತಿಂಗಳು ನಾನು ರೆಡ್ ವೈನ್ ಕೊಳ್ಳುವುದೇ ಇಲ್ಲ. ಶಿವರಾತ್ರಿಗೆ ಮುಂಚೆ ಆರು ಬಾಟಲಿ ತಂದು, ಒದ್ದೆ ಗೋಣಿತಾಟು ಸುತ್ತಿ, ಬಿಸಿಲೇ ಬೀಳದ ಉತ್ತರದ ಕೋಣೆಯ ಮಂಚದ ಕೆಳಗೆ ಮಲಗಿಸುತ್ತೇನೆ. ದಿನಾ ಬೆಳಿಗ್ಗೆ ಗಿಡಕ್ಕೆ ನೀರು ಹಾಕುವಾಗ ಆ ಗೋಣಿಗೂ ಒಂದು ಚೊಂಬು. ಲೇಬಲ್ಲುಗಳು ನೆನೆದು ಕಿತ್ತು ಬರುತ್ತವೆ, ಹಾಗಾಗಿ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಹೆಸರು ಬರೆದಿಡಬೇಕು. ಹೋದ ವರ್ಷ ಅದನ್ನು ಮರೆತಿದ್ದೆ. ಮೇ ತಿಂಗಳಿಡೀ ಯಾವುದು ಮರ್ಲೋ, ಯಾವುದು ಶಿರಾಜ್ ಅಂತ ಕುಡಿದೇ ಕಂಡುಹಿಡಿದೆವು.